ಎಡಗಡೆ ಎಲ್ಲವೂ ಎರಡು

ಎಂಟು ವರ್ಷ ತುಂಬುವವರೆಗೂ ಲೋಕದ ಎಡಗಡೆಯಲ್ಲಿ ಎಲ್ಲವೂ ಎರಡೆರಡು ಇರುತ್ತವೆ ಎಂದೇ ನಾನು ನಂಬಿದ್ದೆ. ಮುಖ ನೆಟ್ಟಗೆ ಇಟ್ಟುಕೊಂಡು ಕಣ್ಣನ್ನಷ್ಟೇ ಎಡಕ್ಕೆ ಹೊರಳಿಸಿದರೆ ಐನಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದೇ ಕಂಬ ಎರಡಾಗುತ್ತಿತ್ತು, ಒಂದೇ ಜೋಳದ ಚೀಲ ಎರಡಾಗುತ್ತಿತ್ತು, ನಮ್ಮ ಆಯಿಯೂ ಇಬ್ಬರಾಗುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಒಬ್ಬಳೇ ಇಡೀ ಮನೆಗೆ ಸಾಕುಬೇಕಾಗುವಷ್ಟು ಇದ್ದಳು. ಬಲಗಡೆ ಮಾತ್ರ ಎಲ್ಲವೂ ಒಂದೊಂದೇ. ಇದರಲ್ಲಿ ನನಗೆ ಯಾವ ವಿಶೇಷವೂ ಕಂಡಿರಲಿಲ್ಲ. ಎರಡು ಬೇಡವಾದಾಗ ಮುಖವನ್ನೇ ಎಡಕ್ಕೆ ತಿರುಗಿಸಿದರೆ ಮುಗಿಯಿತು, ಎರಡೂ ಬಂದು ಒಂದರಲ್ಲಿ ಸೇರಿಕೊಳ್ಳುತ್ತಿದ್ದವು. ಹೀಗಾಗಿ ನನ್ನ ಮುಖ ಯಾವಾಗಲೂ ಸ್ವಲ್ಪ ಎಡಕ್ಕೆ ತಿರುಗಿಯೇ ಇರುತ್ತಿತ್ತು. ಎದುರಿಗೆ ನಿಂತವರಿಗೆ ನಾನು ಮುನಿಸಿಕೊಂಡ ಸೊಸೆಯಂತೆ ಕಾಣುತ್ತಿದ್ದೆನಂತೆ. ನಾನು ಮುನಿಸಿಕೊಂಡಿರಲಿಲ್ಲ. ಅವರನ್ನು ಒಬ್ಬರನ್ನಾಗಿ ನೋಡಬೇಕೆಂದಿದ್ದೆ, ಅಷ್ಟೇ.

ನಮ್ಮದು ಜೈನ ಒಕ್ಕಲುತನದ ಮನೆ. ಸಂಜೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಅಪ್ಪ ಕಬ್ಬಿನ ಗದ್ದೆಯಿಂದ ಕಾಲು ತೊಳೆದುಕೊಂಡು ಬರುವುದಕ್ಕೂ ಅವ್ವ ಕೊನೆಯ ರೊಟ್ಟಿ ಬಡಿಯುವುದಕ್ಕೂ ಸರಿಹೋಗುತ್ತಿತ್ತು. ಪಡಸಾಲೆಯಲ್ಲಿ ಸಾಲಾಗಿ ತಾಟು ಇಡುತ್ತಿದ್ದರು. ಆ ಸಾಲಿನ ಎಡತುದಿಯ ಜಾಗಕ್ಕಾಗಿ ನನಗೂ ತಮ್ಮ ಭರಮುವಿಗೂ ದಿನಾ ಜಗಳ. ಎಡತುದಿಗೆ ಕುಳಿತರೆ ಮನೆಮಂದಿಯೆಲ್ಲ ನನ್ನ ಬಲಕ್ಕೆ ಬರುತ್ತಿದ್ದರು, ಕುತ್ತಿಗೆ ತಿರುಗಿಸದೆ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತ ಉಣ್ಣಬಹುದಿತ್ತು. ಈ ಕಾರಣ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿ ಕುಳಿತರೆ ಹಾಯೆನಿಸುತ್ತಿತ್ತು, ಕುಳಿತುಬಿಡುತ್ತಿದ್ದೆ. ಆದರೆ ಆ ತುದಿ ಅಡುಗೆಮನೆಯ ಬಾಗಿಲಿಗೆ ಹತ್ತಿರವಿದ್ದು, ತುಪ್ಪದ ಗಿಂಡಿ ಮೊದಲು ಅಲ್ಲಿಗೇ ಬರುತ್ತಿತ್ತು. ಮನೆಯವರೆಲ್ಲ ಅದಕ್ಕೆ ಅವರದೇ ಅರ್ಥ ಮಾಡಿಕೊಂಡಿದ್ದರು. ಮೇಲಿಂದ ಇನ್ನೊಂದು. ಬಲಕ್ಕೆ ನೋಡಿದಾಗಲೆಲ್ಲ ನನ್ನ ಎಡಗಣ್ಣು ತಾನಾಗಿಯೇ ಕಿರಿದಾಗಿ ಒಳಗೆ ಸರಿಯುತ್ತಿತ್ತು.

"ಆಯೀ, ಅಕ್ಕ ನನಗ ಕಣ್ಣ ಹೊಡೀತಾಳ ನೋಡ!" ಎಂದು ಭರಮು ತುತ್ತು ಬಾಯಲ್ಲಿಟ್ಟುಕೊಂಡೇ ಕೂಗುತ್ತಿದ್ದ.

"ಮೂತಿ ಆ ಕಡೆ, ಕಣ್ಣ ಈ ಕಡೆ, ಲಕ್ಷ್ಯ ತುಪ್ಪದ ಕಡೆ," ಎನ್ನುತ್ತಿದ್ದಳು ಆಯಿ. "ನೆಟ್ಟಗ ಕುಂದರ ಬೇ ಕುಸುಮಿ."

ನೆಟ್ಟಗೆ ಮಾಡುವ ಕೆಲಸವನ್ನು ಆಯಿ ಮನಸ್ಸಿಟ್ಟು ಮಾಡಿದಳು. ಬೆಳಿಗ್ಗೆ ತಲೆ ಬಾಚುವಾಗ ನನ್ನ ಗದ್ದವನ್ನು ಹಿಡಿದು ಬಲಕ್ಕೆ ತಿರುಗಿಸಿ, ಸಿಕ್ಕು ಬಿಡಿಸಿ ಮುಗಿಯುವವರೆಗೂ ಎಡಗೈಯಿಂದ ಅದುಮಿಕೊಂಡೇ ಇರುತ್ತಿದ್ದಳು. ಓದಲು ಕುಳಿತಾಗ ನನ್ನ ಎಡಗೆನ್ನೆ ತಾಗುವ ಹಾಗೆ ಗೋಡೆಯ ಮಗ್ಗುಲಿಗೆ ಕೂರಿಸುತ್ತಿದ್ದಳು. ಆ ಕಡೆ ನೋಡಲು ಏನೂ ಇಲ್ಲದಿದ್ದರೆ ಮುಖ ಈ ಕಡೆ ಬರುತ್ತದೆ ಎಂಬ ಲೆಕ್ಕ. ಇದು ಕೆಟ್ಟ ಚಟ, ಗಟ್ಟಿಯಾಗುವ ಮೊದಲೇ ಬಿಡಿಸಬೇಕು ಎಂಬುದು ಅವಳ ನಂಬಿಕೆ. ಅದಕ್ಕಿಂತ ಕೆಟ್ಟದ್ದು ಅವ್ವನ ಪಾಲಿಗೆ ಬಂದಿತ್ತು. ನಾನು ಹೊಟ್ಟೆಯಲ್ಲಿದ್ದಾಗ ಗ್ರಹಣ ಹಿಡಿದ ಹೊತ್ತಿನಲ್ಲಿ ಅವ್ವ ಮೆಂತ್ಯೆಸೊಪ್ಪು ಹೆಚ್ಚಿದ್ದಳಂತೆ. ಯಾರೂ ಅವಳನ್ನು ಎದುರಿಗೆ ಬೈಯಲಿಲ್ಲ. ನನ್ನ ಕಣ್ಣಿನ ಮಾತು ಬಂದಾಗಲೆಲ್ಲ ಮೆಂತ್ಯೆಸೊಪ್ಪಿನ ಮಾತೂ ಬರುತ್ತಿತ್ತು, ಅಷ್ಟೇ. ಅವ್ವ ಮೆಂತ್ಯೆಪಲ್ಲೆ ಮಾಡುವುದನ್ನೇ ಬಿಟ್ಟಿದ್ದಳು. ಇವತ್ತಿಗೂ ಅದನ್ನು ನೆನೆದರೆ ನನಗೆ ಆಯಿಯ ಮೇಲೆ ಸಿಟ್ಟು ಬರುತ್ತದೆ.

ನನಗೆ ಎಂಟು ತುಂಬಿದ ವರ್ಷದ ಮಳೆಗಾಲದಲ್ಲಿ ದಿಗಂಬರ ಮುನಿಗಳೊಬ್ಬರು ನಮ್ಮೂರಿನ ಬಸದಿಯಲ್ಲಿ ನಾಲ್ಕು ತಿಂಗಳು ತಂಗಿದರು. ಮಹಾರಾಜರು ಎಂದೇ ಎಲ್ಲರೂ ಕರೆಯುತ್ತಿದ್ದರು. ಅವರು ಉಣ್ಣುವುದು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲಿ. ಇಂಥ ಗುರುತು ಕಂಡ ಮನೆಗೇ ಹೋಗುತ್ತೇನೆಂದು ಮನಸ್ಸಿನಲ್ಲೇ ಒಂದು ನೇಮ ಹಿಡಿದು ಬೀದಿಗೆ ಇಳಿಯುತ್ತಾರೆ. ಅದು ಯಾವ ಮನೆ ಎಂದು ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ. ಹೀಗಾಗಿ ಊರಿನ ಜೈನರ ಮನೆಗಳಲ್ಲೆಲ್ಲ ದಿನವೂ ಶುದ್ಧವಾದ ಅಡುಗೆ ಮಾಡಿ, ಬಾಗಿಲಲ್ಲಿ ಕಾಯುತ್ತ ನಿಲ್ಲಬೇಕು. ಊಟದಲ್ಲಿ ಒಂದು ಕೂದಲು, ಒಂದು ಹುಳ ಕಂಡರೂ ಅವರು ಬೊಗಸೆ ಬಿಟ್ಟು ಊಟವನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಮರುದಿನದವರೆಗೆ ನೀರೂ ಇಲ್ಲ. ಈ ಅಡುಗೆ ಮಾಡುವ ಜಾಗಕ್ಕೆ ಚೌಕಾ ಎನ್ನುತ್ತಾರೆ. ನಮ್ಮ ಚೌಕಾದ ಯಜಮಾನಿಕೆ ಆಯಿಯದು. ಅಕ್ಕಿ, ಬೇಳೆ, ಗೋದಿಯನ್ನು ಹಿಂದಿನ ದಿನ ಮಧ್ಯಾಹ್ನವೇ ಮೊರದಲ್ಲಿ ಹರವಿ ಒಂದೊಂದೇ ಕಾಳು ನೋಡಿ ಹಸನು ಮಾಡುತ್ತಿದ್ದಳು. ಸಿಕ್ಕ ಹುಳವನ್ನು ಸಾಯಿಸುವಂತಿಲ್ಲ, ನೆರಳಿರುವ ಕಡೆ ಒಯ್ದು ಬಿಡಬೇಕು. ಎಂಟು ತುಂಬಿದ ಮಕ್ಕಳು ಚೌಕಾದ ಕೆಲಸಕ್ಕೆ ಸೇರಬಹುದಿತ್ತು, ಮಹಾರಾಜರ ಕೈಗೆ ಊಟ ಬಡಿಸಬಹುದಿತ್ತು. ಓಣಿಯ ನನ್ನ ಓರಗೆಯ ಹುಡುಗಿಯರೆಲ್ಲ ಆ ವರ್ಷ ಅವರವರ ಮನೆಯ ಚೌಕಾ ಸೇರಿದರು. ನನಗೂ ಸೇರಬೇಕಿತ್ತು. ಆ ವಯಸ್ಸಿನಲ್ಲಿ ನಾನು ಬೇರೆ ಯಾವುದನ್ನೂ ಅಷ್ಟು ಆಸೆಪಟ್ಟು ಬೇಡಿದ್ದು ನೆನಪಿಲ್ಲ.

ಆಯಿ ಒಂದು ಪರೀಕ್ಷೆ ಇಟ್ಟಳು. ನನ್ನ ತೊಡೆಯ ಮೇಲೆ ಅಕ್ಕಿಯ ಮೊರ ಇಟ್ಟು, ಹಿಂದೆ ಕುಳಿತು, ನನ್ನ ಎರಡೂ ಕೆನ್ನೆಗಳನ್ನು ಹಿಡಿದು ಮುಖ ನೆಟ್ಟಗೆ ಮಾಡಿದಳು. ನಮ್ಮಲ್ಲಿ ಹಸನು ಮಾಡಬೇಕಾದ ರಾಶಿ ಮೊರದ ಎಡಕ್ಕಿರುತ್ತದೆ, ನೋಡಿದ ಕಾಳನ್ನು ಬಲಕ್ಕೆ ಸರಿಸುತ್ತ ಹೋಗುತ್ತಾರೆ. ನನ್ನ ಎಡದ ರಾಶಿ ಎರಡು ರಾಶಿಯಾಯಿತು, ಒಂದರ ಮೇಲೊಂದು ಹತ್ತಿ ಕಲಸಿಹೋಯಿತು. ನೆಲ್ಲಿನ ಕಾಳೊಂದು ಕಂಡಿತೆಂದು ಬೆರಳು ಇಟ್ಟರೆ ಅಲ್ಲಿ ಮೊರದ ಬಿದಿರು ಮಾತ್ರ ಇತ್ತು. ಮತ್ತೆ ಇಟ್ಟೆ, ಮತ್ತೆ ಬಿದಿರು. ಬಾಗಿಲಲ್ಲಿ ನಿಂತಿದ್ದ ಭರಮು ನಕ್ಕ. ಕುತ್ತಿಗೆ ತಿರುಗಿಸಿದರೆ ಎಲ್ಲ ಸರಿಹೋಗುತ್ತದೆಂದು ನನಗೆ ಗೊತ್ತಿತ್ತು. ಆಯಿಯ ಕೈ ಬಿಡಲಿಲ್ಲ.

"ಆತ ಬಿಡು," ಎಂದಳು ಆಯಿ. ಸಿಟ್ಟಿನಿಂದಲ್ಲ, ಮರುಕದಿಂದ ಹೇಳಿದಳು. ಅದೇ ನನಗೆ ಹೆಚ್ಚು ಚುಚ್ಚಿತು. "ಇದ್ದ ಕಾಳ ಕಾಣಂಗಿಲ್ಲ, ಇಲ್ಲದ್ದ ಕಾಣಸ್ತೈತಿ. ನಿನ್ನ ಕೈಯಾಗ ಕೊಟ್ಟ ಮಹಾರಾಜರನ್ನ ಉಪಾಸ ಕೆಡವಲೇನು? ನೀ ಹೊರಗ ಇರವ್ವ."

ಅಂದು ಹಿತ್ತಲಲ್ಲಿ ಕುಳಿತು ನಾನು ಅತ್ತಿದ್ದನ್ನು ಅವ್ವ ನೋಡಿದಳು. ಅಪ್ಪನ ಮುಂದೆ ಎಂದೂ ದನಿ ಏರಿಸದವಳು ಅಂದು ಊಟಕ್ಕೆ ಬಡಿಸುತ್ತ, "ನಾಳಿ ಹುಡುಗಿನ್ನ ಮಿರಜಿಗೆ ಕರಕೊಂಡ ಹೋಗೂಣು. ನೀವ ಬರಲಿಲ್ಲಂದ್ರ ನಾ ಒಬ್ಬಾಕಿನ ಹೊಕ್ಕೇನಿ," ಎಂದಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಮರುದಿನ ಬೆಳಿಗ್ಗೆ ಮೂವರೂ ಕಾಗವಾಡದ ಮೇಲಿಂದ ಹೋಗುವ ಬಸ್ಸು ಹತ್ತಿದೆವು.

ಮಿರಜಿನ ಕಣ್ಣಿನ ವೈದ್ಯರು ವಯಸ್ಸಾದವರು, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತಿದ್ದರು. ನನ್ನ ಗದ್ದ ಹಿಡಿಯದೇ ನನ್ನನ್ನು ಪರೀಕ್ಷಿಸಿದ ಮೊದಲ ಮನುಷ್ಯ ಅವರು. ತಮ್ಮ ಪೆನ್ನನ್ನು ಬಲಕ್ಕೆ ಒಯ್ದರು, ಎಡಕ್ಕೆ ಒಯ್ದರು. ಎಷ್ಟು ಕಾಣುತ್ತವೆ ಎಂದು ಕೇಳಿದರು. ಈ ಕಡೆ ಒಂದು, ಆ ಕಡೆ ಎರಡು ಎಂದೆ. ಅಪ್ಪ ಅವ್ವ ಇಬ್ಬರೂ ಬೆಚ್ಚಿಬಿದ್ದರು. ಎಂಟು ವರ್ಷ ಒಂದೇ ಮನೆಯಲ್ಲಿದ್ದು ಅವರು ಅದನ್ನು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಲೋಕವೇ ಹಾಗಿದೆ ಎಂದುಕೊಂಡವಳು ಹೇಳುವುದಾದರೂ ಏನನ್ನು? ಅಕ್ಷರದ ಹಲಗೆಯನ್ನು ಒಂದೊಂದೇ ಕಣ್ಣಿನಿಂದ ಓದಿಸಿದರು. ಕೊನೆಯ ಸಾಲಿನವರೆಗೂ ಓದಿದೆ. ಆಮೇಲೆ ಅವರು ಒಂದು ಹಾಳೆಯಲ್ಲಿ ಕಣ್ಣಿನ ಗುಂಡು ಬರೆದು ಅದರ ಎರಡು ಮಗ್ಗುಲಿಗೆ ಎರಡು ಗೆರೆ ಎಳೆದರು.

"ಇದ ಕಣ್ಣನ್ನ ಒಳಗ ಎಳೀತೈತಿ, ಇದ ಹೊರಗ ಎಳೀತೈತಿ. ಹೊರಗ ಎಳಿಯೋದಕ್ಕ ಒಂದ ನರ ಬರಬೇಕು. ಹುಟ್ಟೂಕಿಂತ ಮೊದಲನ, ತಾಯಿ ಹೊಟ್ಟ್ಯಾಗ ಇರೂ ಮುಂದನ, ಆ ನರ ಬೆಳದಿಲ್ಲ. ಮಗ್ಗಲದ್ದರ ನರದಿಂದ ಒಂದ ಎಳಿ ಬಂದು ಇದಕ್ಕ ಕೂಡೈತಿ. ಅದಕ್ಕ ಕಣ್ಣ ಒಳಗ ಹೊಳ್ಳಿದಾಗ ಎರಡೂ ಕೂಡೇ ಎಳೀತಾವು, ಕಣ್ಣ ಹಿಂದ ಸರದು ಸಣ್ಣ ಆಕ್ಕೈತಿ. ಹೊರಗ ಹೋಗಂದ್ರ ಹೋಗಂಗಿಲ್ಲ."

ಅಪ್ಪ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದ. ಕೃಷ್ಣೆಯ ದಂಡೆಯ ರೈತನಿಗೆ ನೀರಿನ ಲೆಕ್ಕದಲ್ಲಿ ಹೇಳಿದರೆ ತಿಳಿಯದ್ದಿಲ್ಲ.

"ಅಂದ್ರ ನಮ್ಮ ಗದ್ದಿ ಕಾಲಿವಿಗೆ ನೀರ ಬರಲೇ ಇಲ್ಲ. ಮಗ್ಗಲ ಗದ್ದಿ ಕಾಲಿವಿ ಒಡದು ಅದರ ನೀರ ಇದಕ್ಕ ಹೊಕ್ಕೈತಿ. ಹಂಗ ಏನ್ರಿ?"

"ಬರೋಬ್ಬರ!" ಎಂದು ವೈದ್ಯರು ನಗುತ್ತ ಮೇಜು ಬಡಿದರು. "ಅಗದಿ ಹಂಗ. ಇದು ಬೆಳಿಯೂ ರೋಗ ಅಲ್ಲ, ದೃಷ್ಟಿಗೆ ಏನೂ ಆಗಿಲ್ಲ. ಕುತ್ತಿಗಿ ಬಾಳ ಹೊಳ್ಳಾಕತ್ರ ಮುಂದ ಆಪರೇಷನ್ ವಿಚಾರ ಮಾಡೂಣು, ಈಗ ಬ್ಯಾಡ. ಕಣ್ಣ ಮಾಡಲಾರದ ಕೆಲಸ ಕುತ್ತಿಗಿ ಮಾಡಾಕತ್ತೈತಿ. ಅದನ್ನ ಮಾಡಗೊಡ್ರಿ."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಹೊರಡುವ ಹೊತ್ತಿಗೆ ಒಂದೇ ಒಂದು ಮಾತು ಕೇಳಿದಳು.

"ಗ್ರಹಣದಾಗ ನಾ ಪಲ್ಲೆ ಹೆಚ್ಚಿದ್ನಿರಿ. ಅದರಿಂದನ ಹಿಂಗ ಆಗಿದ್ರ ಹೇಳಿಬಿಡ್ರಿ."

"ಇಲ್ಲ ತಾಯಿ," ಎಂದರು ವೈದ್ಯರು, ಈ ಸಲ ನಗದೆ. "ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮಿಂದ ಏನೂ ಆಗಿಲ್ಲ."

ಮಿರಜಿನ ಬಸ್ ನಿಲ್ದಾಣದಲ್ಲಿ ಅವ್ವ ಕಲ್ಲುಬೆಂಚಿನ ಮೇಲೆ ಕುಳಿತು ಅತ್ತಳು. ಜನ ನೋಡುತ್ತಿದ್ದರು, ಅವಳಿಗೆ ಅದರ ಪರಿವೆ ಇರಲಿಲ್ಲ. ಅಪ್ಪ ಹೋಗಿ ಪೇರಲಹಣ್ಣು ತಂದು ಅವಳ ಕೈಗಿಟ್ಟ, ಕ್ಷಮೆ ಕೇಳುವ ಅವನ ರೀತಿ ಅಷ್ಟೇ. ಮೊನ್ನೆ ಚಿಕ್ಕೋಡಿಯಲ್ಲಿ ಓದುವ ಕನ್ನಡಕಕ್ಕೆಂದು ಹೋದಾಗ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬಳು ನನ್ನ ಕಣ್ಣಿನ ಮುಂದೆ ಬೆರಳಾಡಿಸಿ, "ಮೇಡಂ, ನಿಮಗೆ ಡ್ವೇನ್ ಸಿಂಡ್ರೋಮ್ ಇದೆ, ಬಹಳ ಅಪರೂಪ," ಎಂದು ಸಂಭ್ರಮದಿಂದ ಹೇಳಿದಳು. ಆ ಹೆಸರು ನನಗೆ ಐವತ್ತು ವರ್ಷ ತಡವಾಗಿ ಸಿಕ್ಕಿತು. ಅವಳು ವಿವರಿಸಿದ್ದರಲ್ಲಿ ಒಡೆದ ಕಾಲುವೆಗಿಂತ ಹೆಚ್ಚಿನದೇನೂ ಇರಲಿಲ್ಲ.

ಮನೆಗೆ ಬಂದು ಅಪ್ಪ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಕಾಲುವೆಗಳನ್ನು ಬರೆದು ಆಯಿಗೆ ಎಲ್ಲವನ್ನೂ ಹೇಳಿದ. ಆಯಿ ಕಣ್ಣು ಕಿರಿದು ಮಾಡಿಕೊಂಡು ಗೆರೆಗಳನ್ನು ನೋಡಿದಳು, ಗ್ರಹಣದ ಮಾತು ಬಂದಾಗ ಅವ್ವನ ಕಡೆ ನೋಡಲಿಲ್ಲ.

"ಇನ್ನ ಯಾರೂ ಈ ಹುಡುಗಿ ಕುತ್ತಿಗಿ ಮುಟ್ಟಬಾರದವ್ವಾ," ಎಂದ ಅಪ್ಪ.

"ಮುಟ್ಟೂದಿಲ್ಲ," ಎಂದಳು ಆಯಿ. "ಕುತ್ತಿಗಿ ನಿಮ್ಮ ಡಾಕ್ಟರಂದು. ಚೌಕಾ ನಂದು."

ಹೀಗೆ ಮುಖ ಎತ್ತ ಬೇಕಾದರೂ ತಿರುಗಿಸುವ ಸ್ವಾತಂತ್ರ್ಯ ಬಂತು, ಚೌಕಾದ ಬಾಗಿಲು ಮಾತ್ರ ತೆರೆಯಲಿಲ್ಲ. ಇತ್ತ ದಿನಗಳು ಕಳೆಯುತ್ತಿದ್ದವು. ಬೆಳಿಗ್ಗೆ ಆಯಿ, ಅವ್ವ, ಅಪ್ಪ ಮಡಿಯುಟ್ಟು, ಕಳಸ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು, ಮಹಾರಾಜರು ನಮ್ಮ ಮನೆ ದಾಟಿ ಹೋಗುತ್ತಿದ್ದರು. ಪ್ರತಿಸಲವೂ ಆಯಿಯ ಮುಖ ಸಣ್ಣದಾಗುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲೋ ಏನೋ ಅಶುದ್ಧವಿದೆ ಎಂದು ಗೊಣಗುತ್ತ ಹಸನು ಮಾಡಿದ್ದನ್ನೇ ಮತ್ತೆ ಹಸನು ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಅಕ್ಕಿಯನ್ನು ಬಿಳಿಬಟ್ಟೆಯ ಮೇಲೆ ಹರವಿಟ್ಟು ಬಸದಿಗೆ ಹೋದಾಗ ನಾನು ಹತ್ತಿರ ಹೋಗಿ ಕುಳಿತೆ. ಮುಖವನ್ನು ನನಗೆ ಬೇಕಾದಷ್ಟು ಎಡಕ್ಕೆ ತಿರುಗಿಸಿ ನೋಡಿದೆ. ಒಂದೊಂದು ಕಾಳೂ ಒಂದೊಂದೇ, ಸ್ಪಷ್ಟ. ಅವುಗಳ ನಡುವೆ ಅಕ್ಕಿಯದೇ ಬಣ್ಣದ, ಅಕ್ಕಿಗಿಂತ ಸಣ್ಣದೊಂದು ಹುಳ ಮೆಲ್ಲಗೆ ಹೊರಳುತ್ತಿತ್ತು. ನಿಜ ಹೇಳಬೇಕೆಂದರೆ ಮೊದಲು ನನಗೆ ಆದದ್ದು ಖುಷಿ. ಓಡಿಹೋಗಿ ಓಣಿಗೆಲ್ಲ ಕೂಗಿ ಹೇಳೋಣ ಎನಿಸಿತು.

ಆದರೆ ಬಾಗಿಲವರೆಗೆ ಹೋಗಿ ನಿಂತೆ. ನಾಲ್ಕು ಜನರೆದುರು ಇದನ್ನು ಹೇಳಿದರೆ ಆಯಿ ಮತ್ತೆ ಮೊರ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಚೌಕಾದಿಂದ ಹೊರಗೆ ಹಾಕಿಸಿಕೊಂಡರೆ ಹೇಗಿರುತ್ತದೆ ಎಂದು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ತಿಳಿದಿತ್ತು? ಹುಳವನ್ನು ಅಂಗೈ ಮೇಲೆ ತೆಗೆದುಕೊಂಡು ಹೋಗಿ ಹಿತ್ತಲಿನ ಬೇವಿನ ಬುಡದಲ್ಲಿ ಬಿಟ್ಟೆ. ಮರುದಿನ ಮೂರು ಸಿಕ್ಕವು. ಅದರ ಮರುದಿನ ಒಂದು. ಆಯಿ ಬಸದಿಗೆ ಹೋಗುವುದನ್ನು ಕಾಯುವುದು, ಅವಳು ಹಸನು ಮಾಡಿದ್ದನ್ನು ಇನ್ನೊಮ್ಮೆ ಹಸನು ಮಾಡುವುದು, ಇದೇ ನನ್ನ ಕೆಲಸವಾಯಿತು. ಆರನೆಯ ದಿನ ಅವಳು ಅರ್ಧ ದಾರಿಯಿಂದ ಛತ್ರಿಗೆಂದು ತಿರುಗಿ ಬಂದಳು. ನಾನು ಅಂಗೈ ಮುಚ್ಚಿಕೊಂಡು ಹಿತ್ತಲ ಬಾಗಿಲಲ್ಲಿದ್ದೆ.

"ಕೈಯಾಗ ಏನೈತಿ?"

ತೆರೆದು ತೋರಿಸಿದೆ. ಆಯಿ ನನ್ನ ಕೈಯನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಬೆಳಕಿಗೆ ಒಯ್ದಳು.

"ಏನೂ ಇಲ್ಲಲ್ಲ ಬೇ."

"ಹುಳ ಅದಾವ ಆಯಿ. ಎರಡ ಅದಾವ."

"ಎರಡ? ನಿನಗ ಒಂದ ಇದ್ರೂ ಎರಡ ಕಾಣಸ್ತಾವಲ್ಲ?"

"ಮುಖ ಹೊಳ್ಳಿಸಿ ನೋಡೇನಿ ಆಯಿ. ಎರಡ ಅದಾವ."

ಆಯಿ ತನ್ನ ತೋರುಬೆರಳಿನ ತುದಿಯನ್ನು ನನ್ನ ಅಂಗೈ ಮೇಲೆ ಹಗುರವಾಗಿ ಇಟ್ಟಳು. ಹುಳ ಅವಳ ಬೆರಳಿನಡಿ ಅಲುಗಾಡಿತು. ಅವಳು ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಮೆಲ್ಲಗೆ ಹೊಸ್ತಿಲ ಮೇಲೆ ಕುಳಿತಳು. ಎಷ್ಟು ದಿನವಾಯಿತು ಎಂದು ಕೇಳಿದಳು, ಆರು ಎಂದೆ. ಯಾರಿಗೆ ಹೇಳಿದ್ದೀ ಎಂದಳು, ಯಾರಿಗೂ ಇಲ್ಲ ಎಂದೆ. ಅವಳ ಕಣ್ಣಿನ ಕಪ್ಪಿನ ಮೇಲೆ ಹಾಲಿನ ಹನಿ ಬಿದ್ದಂಥ ಮಬ್ಬು ಇತ್ತು. ಅಷ್ಟು ದಿನ ನನ್ನ ಕಣ್ಣನ್ನು ಎಲ್ಲರೂ ನೋಡಿದ್ದರು, ಅವಳ ಕಣ್ಣನ್ನು ಯಾರೂ ನೋಡಿರಲಿಲ್ಲ. ಮರುದಿನ ಆಯಿ ಪ್ರಾಯಶ್ಚಿತ್ತಕ್ಕೆಂದು ನಿರಾಹಾರ ಉಪವಾಸ ಮಾಡಿದಳು. ಅಪ್ಪ ಕಾರಣ ಕೇಳಿದರೆ ಹೇಳಲಿಲ್ಲ. ಮಧ್ಯಾಹ್ನ ಅವ್ವನನ್ನು ಕರೆದು, "ಗ್ರಹಣದ ಮಾತ ನಾ ಆಡಬಾರದಿತ್ತು ನೋಡವಾ," ಎಂದಳು. ಅವ್ವ ಒಲೆಯ ಬೂದಿ ಕೆದಕಿದಳು. ಆಮೇಲೆ ಆಯಿ ನನ್ನ ಮುಂದೆ ಮೊರ ತಂದಿಟ್ಟಳು. ನಾನು ಕುತ್ತಿಗೆಯನ್ನು ನನ್ನಿಷ್ಟದಂತೆ ತಿರುಗಿಸಿಕೊಂಡು ಅಕ್ಕಿ ನೋಡಿದೆ, ಬೇಳೆ ನೋಡಿದೆ, ಬೆಳಕು ಇರುವವರೆಗೂ ನೋಡಿದೆ. ಆಯಿ ಪಕ್ಕದಲ್ಲಿ ಕುಳಿತು, ಬೆರಳಿಗೆ ತಿಳಿಯುವ ಹರಳುಗಳನ್ನು ಆರಿಸಿದಳು.

ಮರುದಿನ ಬೆಳಿಗ್ಗೆ ನನಗೂ ಮಡಿಬಟ್ಟೆ ಉಡಿಸಿ ಬಾಗಿಲಲ್ಲಿ ನಿಲ್ಲಿಸಿದರು. ಮಳೆ ನಿಂತು ಬೀದಿ ತೊಳೆದಂತಿತ್ತು. ಮಹಾರಾಜರು ಎಡಗಡೆಯಿಂದ ಬಂದರು. ಮೊದಲು ಇಬ್ಬರು ಬಂದರು, ನಾನು ಮುಖ ತಿರುಗಿಸಿದೆ, ಒಬ್ಬರಾದರು. ನಮ್ಮ ಮನೆಯೆದುರು ಅವರ ಹೆಜ್ಜೆ ನಿಧಾನವಾಯಿತು, ನಿಂತಿತು. ಅಂದು ಅವರ ನೇಮ ಏನಿತ್ತೋ ನನಗೆ ಗೊತ್ತಿಲ್ಲ. ನಮ್ಮ ಓಣಿಯಲ್ಲಿ ಅವರು ಅಲ್ಲಿಯವರೆಗೆ ನಿಲ್ಲದೆ ಉಳಿದದ್ದು ನಮ್ಮದೊಂದೇ ಮನೆಯಾಗಿತ್ತು ಎಂದು ಭರಮು ಇವತ್ತಿಗೂ ವಾದಿಸುತ್ತಾನೆ. ನಾವು ಮೂರು ಸುತ್ತು ಪ್ರದಕ್ಷಿಣೆ ಹಾಕಿ ನಮಸ್ಕರಿಸಿದೆವು. ಒಳಗೆ ಕರೆಯುವ ಮೊದಲು ಮನೆಯವರೊಬ್ಬರು ಅವರಿಗೆ ಒಂದು ಮಾತು ಕೊಡಬೇಕು: ನಮ್ಮ ಮನಸ್ಸು, ಮಾತು, ಮೈ ಶುದ್ಧವಿವೆ, ಅನ್ನ ನೀರು ಶುದ್ಧವಿವೆ ಎಂದು. ಆ ಮಾತಿನ ಮೇಲೆ ಭಾರ ಹಾಕಿ ಅವರು ಹೊಸ್ತಿಲು ದಾಟುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಹೇಳುವವಳು ಆಯಿ. ಅವಳು ಕೈಮುಗಿದು ಮನಸ್ಸು, ಮಾತು, ಮೈಯ ತನಕ ಹೇಳಿ ತಡೆದಳು. ಅಪ್ಪ ಗಾಬರಿಯಿಂದ ಅವಳ ಕಡೆ ನೋಡಿದ. ಮಹಾರಾಜರು ಕಾಯುತ್ತಿದ್ದರು.

"ಅನ್ನಾ ನೋಡಿದಾಕಿ ನೀನು," ಎಂದಳು ಆಯಿ ನನಗೆ. "ನೀ ಹೇಳ."

ನಾನು ಮುಖ ಓರೆ ಮಾಡಿಕೊಂಡೇ ಅವರನ್ನು ನೋಡಿ ಹೇಳಿದೆ.

"ಅನ್ನಾ, ನೀರು ಶುದ್ಧ ಅದಾವ್ರಿ ಮಹಾರಾಜ."

ಅವರು ಒಳಗೆ ಬಂದರು.